ಒಂದೇ ಗೋದಾಮು, ಮೂರು ಲೆಕ್ಕ: ಸಣ್ಣ ಫೌಂಡ್ರಿಗಳ ಸಾಧನೆಯನ್ನು ನಾನು ಅಳೆದ ಬಗೆ

ಬ್ಯಾಂಕಿನ ಸಾಲ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ ಮೇಲೆ, ನೌಕರಿಯಲ್ಲಿದ್ದುಕೊಂಡೇ ನಿರ್ವಹಣಾಶಾಸ್ತ್ರದಲ್ಲಿ ಪಿಎಚ್‌ಡಿಗೆ ನೋಂದಾಯಿಸಿಕೊಂಡಾಗ, ಬೆಳಗಾವಿಯ ಸಣ್ಣ ಫೌಂಡ್ರಿಗಳ ಮತ್ತು ಮಷೀನ್ ಶಾಪ್‌ಗಳ ವ್ಯಾವಹಾರಿಕ ಸಾಧನೆಯನ್ನೇ ವಿಷಯವಾಗಿ ಆರಿಸಿಕೊಂಡೆ. ಉದ್ಯಮಬಾಗ ಮತ್ತು ಮಚ್ಛೆ ಕೈಗಾರಿಕಾ ಪ್ರದೇಶಗಳಲ್ಲಿ ಕಬ್ಬಿಣದ ಎರಕ ಮಾಡುವ, ಆ ಎರಕವನ್ನು ಕಡೆದು ಕೊಡುವ ಘಟಕಗಳು ಸಾಲುಸಾಲಾಗಿವೆ; ಅವುಗಳಲ್ಲಿ ಬಹುಪಾಲು ಒಬ್ಬನೇ ಮಾಲೀಕನ ಅಥವಾ ಅಣ್ಣತಮ್ಮಂದಿರ ಪಾಲುದಾರಿಕೆಯ ಸಂಸ್ಥೆಗಳು. ಇಂಥ ಘಟಕ ಚೆನ್ನಾಗಿ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಯಾವ ಆಧಾರದ ಮೇಲೆ ಹೇಳಬೇಕು ಎಂಬುದು ನನ್ನ ಪ್ರಶ್ನೆಯಾಗಿತ್ತು. ಪ್ರತಿ ವರ್ಷ ಲಿಮಿಟ್ (ಸಾಲದ ಮಿತಿ) ನವೀಕರಣದ ಟಿಪ್ಪಣಿಯಲ್ಲಿ 'ಸಾಧನೆ ತೃಪ್ತಿಕರವಾಗಿದೆ' ಎಂದು ಬರೆದು ಸಹಿ ಹಾಕುವವನಿಗೆ ಈ ಪ್ರಶ್ನೆ ಬರುವುದು ಸಹಜ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಥ ವಿಷಯಕ್ಕೆ ರೂಢಿಯಾಗಿರುವ ದಾರಿ ಪ್ರಶ್ನಾವಳಿ. 'ಪೂರ್ಣವಾಗಿ ಒಪ್ಪುತ್ತೇನೆ' ಎಂಬಲ್ಲಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬಲ್ಲಿಯವರೆಗೆ ಐದು ಮನೆಗಳನ್ನು ಮಾಡಿ, ಬಂದ ಉತ್ತರಗಳಿಗೆ ಶೇಕಡಾವಾರು ಕೋಷ್ಟಕ ಬರೆದು, ಕೊನೆಗೊಂದು ಕೈ-ವರ್ಗ (chi-square) ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿದರೆ ಅಧ್ಯಾಯ ಸಿದ್ಧವಾಗುತ್ತದೆ. ಸಾಲ ಕೊಡುವ ಬ್ಯಾಂಕಿನವನೇ ಬಂದು 'ನಿಮ್ಮ ಉದ್ಯಮದ ಸಾಧನೆ ಉತ್ತಮವಾಗಿದೆಯೇ' ಎಂದು ಕೇಳಿದರೆ ಯಾವ ಮಾಲೀಕನೂ 'ಒಪ್ಪುತ್ತೇನೆ' ಎಂಬುದಕ್ಕಿಂತ ಕೆಳಗಿನ ಮನೆಗೆ ಗುರುತು ಹಾಕುವುದಿಲ್ಲ ಎಂದು ನನ್ನ ಮಾರ್ಗದರ್ಶಕರಿಗೆ ಹೇಳಿದೆ. ಅವರು ನಕ್ಕು ಒಪ್ಪಿಕೊಂಡರು. ಇನ್ನೊಂದು ದಾರಿ ಹಣಕಾಸಿನ ಅನುಪಾತಗಳದ್ದು. ಅಮೆರಿಕದ ಹಣಕಾಸು ಪ್ರಾಧ್ಯಾಪಕ ಎಡ್ವರ್ಡ್ ಆಲ್ಟ್‌ಮನ್ 1968ರಲ್ಲಿ ಪ್ರಕಟಿಸಿದ, ಐದು ಅನುಪಾತಗಳನ್ನು ಕೂಡಿಸಿ ದಿವಾಳಿಯ ಸಾಧ್ಯತೆಯನ್ನು ಅಂದಾಜಿಸುವ ಜೆಡ್ ಸ್ಕೋರನ್ನು ಇಂದಿಗೂ ಸಾಲ ವಿಭಾಗಗಳಲ್ಲಿ ಉಲ್ಲೇಖಿಸುತ್ತಾರೆ. ಆದರೆ ಅದು ಅಮೆರಿಕದ 66 ತಯಾರಿಕಾ ಕಂಪನಿಗಳ ಲೆಕ್ಕದಿಂದ ಹುಟ್ಟಿದ ಸೂತ್ರ, ಅದರ ಒಂದು ಅನುಪಾತಕ್ಕೆ ಷೇರುಗಳ ಮಾರುಕಟ್ಟೆ ಬೆಲೆಯೇ ಬೇಕು. ಖಾಸಗಿ ಸಂಸ್ಥೆಗಳಿಗೆಂದು ಮುಂದೆ ಬಂದ ಪರಿಷ್ಕೃತ ಸೂತ್ರದಲ್ಲಿ ಪುಸ್ತಕ ಮೌಲ್ಯ, ಅಂದರೆ ಲೆಕ್ಕಪುಸ್ತಕದಲ್ಲಿ ಬರೆದ ಮೌಲ್ಯ, ಸಾಕು ಎಂಬುದು ನಿಜ. ಆದರೆ ಪುಸ್ತಕವೇ ನಂಬಲರ್ಹವಾಗಿದ್ದಾಗ ಮಾತ್ರ ಆ ಮೌಲ್ಯಕ್ಕೆ ಅರ್ಥ.

ಹಾಗಾಗಿ ನಾನು ಬೇರೆ ಬಗೆಯಲ್ಲಿ ಹೊರಟೆ. ಒಂದು ಘಟಕ ಬೇರೆ ಬೇರೆಯವರಿಗೆ ಕೊಡುವ ಕಾಗದಗಳನ್ನು ಒಂದೇ ಮೇಜಿನ ಮೇಲೆ ಒಟ್ಟಿಗೆ ಇಟ್ಟು ಹೋಲಿಸುವುದು, ಅವು ಒಂದಕ್ಕೊಂದು ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಕಾರಣ ಹುಡುಕುವುದು ನನ್ನ ಕ್ರಮವಾಯಿತು. ಗ್ರಾಹಕರ ಗೋಪ್ಯತೆ ಕಾಯುವ ಹೊಣೆ ನನ್ನ ಮೇಲಿದ್ದುದರಿಂದ ಬ್ಯಾಂಕಿನ ಕಡತಗಳನ್ನು ಸಂಶೋಧನೆಗೆ ಬಳಸಲಿಲ್ಲ; ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದು, ಕಾಗದಗಳನ್ನು ಅವರಿಂದಲೇ ಕೇಳಿ ತೆಗೆದುಕೊಂಡು, ಘಟಕಗಳಿಗೆ ಹೆಸರಿನ ಬದಲು ಸಂಕೇತಾಕ್ಷರ ಕೊಟ್ಟೆ. ನಾನು ಸಾಲ ಮಂಜೂರು ಮಾಡುವ ಘಟಕಗಳನ್ನು ಮಾದರಿಯಿಂದ ಪೂರ್ತಿ ಹೊರಗಿಟ್ಟೆ. ಇದರಿಂದ ಮಾದರಿ ಚಿಕ್ಕದಾಯಿತು, ಕಾಗದಗಳು ಮಾತ್ರ ಹೆಚ್ಚು ನಿಜವಾದವು ಸಿಕ್ಕವು.

ಮೊದಲು ಎದುರಾದದ್ದು ದಾಸ್ತಾನಿನ ಲೆಕ್ಕ. ಗುರುತು ಸಿಗದಂತೆ ಅಂಕಿಗಳನ್ನು ದುಂಡಾಗಿಸಿ ಒಂದು ಘಟಕದ ಉದಾಹರಣೆ ಕೊಡುತ್ತೇನೆ. ಒಂದೇ ಮಾರ್ಚ್ 31ರಂದು ಅದು ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ದಾಸ್ತಾನು 40 ಲಕ್ಷ ರೂಪಾಯಿ, ಬ್ಯಾಲೆನ್ಸ್ ಶೀಟಿನಲ್ಲಿ 31 ಲಕ್ಷ, ಬೆಂಕಿ ವಿಮೆಯ ಪಾಲಿಸಿಯಲ್ಲಿ 25 ಲಕ್ಷ. ಇದನ್ನು ಕಂಡವರು 'ಸುಳ್ಳು ಲೆಕ್ಕ' ಎಂದು ಪಕ್ಕಕ್ಕೆ ಸರಿಸಬಹುದು. ಆದರೆ ಮೂರು ಅಂಕಿಗಳಿಗೂ ಒಂದೊಂದು ಹುಟ್ಟು ಇದೆ, ಅದನ್ನು ಹಿಡಿದರೆ ಘಟಕದ ಸ್ಥಿತಿ ತಾನಾಗಿ ಕಾಣುತ್ತದೆ.

ಆ ಘಟಕದ ಕ್ಯಾಶ್ ಕ್ರೆಡಿಟ್ ಲಿಮಿಟ್, ಅಂದರೆ ದಾಸ್ತಾನಿನ ಆಧಾರದ ಮೇಲೆ ಬೇಕಾದಾಗ ತೆಗೆಯಬಹುದಾದ ಸಾಲದ ಮಿತಿ, 25 ಲಕ್ಷ. ಗಿರಾಕಿಗಳಿಂದ ಬರಬೇಕಾದ ಬಾಕಿಯ ಲೆಕ್ಕವನ್ನು ಸದ್ಯ ಬಿಟ್ಟರೆ, ಡ್ರಾಯಿಂಗ್ ಪವರ್ (ಆ ಮಿತಿಯೊಳಗೆ ನಿಜವಾಗಿ ತೆಗೆಯಬಹುದಾದ ಮೊತ್ತ) ಲೆಕ್ಕ ಹಾಕುವಾಗ ದಾಸ್ತಾನಿನಿಂದ ಮಾಲು ಪೂರೈಸಿದವರಿಗೆ ಕೊಡಬೇಕಾದ ಹಣವನ್ನು ಕಳೆದು, ಉಳಿದದ್ದರಲ್ಲಿ ಶೇ. 25ರಷ್ಟು ಮಾರ್ಜಿನ್ ಬಿಡುತ್ತೇವೆ. ಕೊಡಬೇಕಾದದ್ದು 6 ಲಕ್ಷ. 40ರಲ್ಲಿ 6 ಕಳೆದರೆ 34, ಅದರ ಮುಕ್ಕಾಲು ಭಾಗ 25.5 ಲಕ್ಷ. ಅಂದರೆ ಲಿಮಿಟನ್ನು ಪೂರ್ತಿ ಬಳಸಲು ಎಷ್ಟು ದಾಸ್ತಾನು ಬೇಕೋ ಅಷ್ಟನ್ನೇ ಹಿಂದುಮುಂದಾಗಿ ಲೆಕ್ಕ ಹಾಕಿ ಬರೆದ ಅಂಕಿ ಅದು. ಬ್ಯಾಲೆನ್ಸ್ ಶೀಟಿನ 31 ಲಕ್ಷವನ್ನೇ ಹಿಡಿದರೆ ಡ್ರಾಯಿಂಗ್ ಪವರ್ 18.75 ಲಕ್ಷಕ್ಕೆ ಇಳಿಯುತ್ತದೆ, ಖಾತೆ ಆರು ಲಕ್ಷಕ್ಕೂ ಹೆಚ್ಚು ಮೀರಿ ನಿಲ್ಲುತ್ತದೆ. ಬ್ಯಾಲೆನ್ಸ್ ಶೀಟಿನಲ್ಲಿ ದಾಸ್ತಾನು ಕಡಿಮೆಯಿರುವುದಕ್ಕೆ ಬೇರೆಯೇ ಕಾರಣವಿದೆ: ವರ್ಷಾಂತ್ಯದ ದಾಸ್ತಾನು ಏರಿದಷ್ಟೂ ಲಾಭ ಏರುತ್ತದೆ, ಲಾಭ ಏರಿದಷ್ಟೂ ತೆರಿಗೆ. ಇನ್ನು ವಿಮೆಯ 25 ಲಕ್ಷ ದಾಸ್ತಾನನ್ನು ನೋಡಿ ಬರೆದದ್ದೇ ಅಲ್ಲ. ಸಾಲಕ್ಕೆ ರಕ್ಷಣೆ ಇದ್ದರೆ ಸಾಕು ಎಂದು, ನವೀಕರಣದ ದಿನ ಲಿಮಿಟಿನ ಮೊತ್ತವನ್ನೇ ಪಾಲಿಸಿಗೆ ನಕಲು ಮಾಡಿದ ಅಂಕಿ. ಈ ಅಭ್ಯಾಸದಲ್ಲಿ ಮಾಲೀಕರಷ್ಟೇ ಬ್ಯಾಂಕಿನವರ ಪಾಲೂ ಇದೆ ಎಂಬುದನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿಯೇ ಬರೆದಿದ್ದೇನೆ.

ಕಾಗದದ ಮೇಲಿನ 40 ಲಕ್ಷ ಅಂಗಳದಲ್ಲಿ ಹೇಗೆ ಕಾಣುತ್ತದೆ ಎಂದು ನೋಡಲು ಫೋರ್‌ಮನ್ ಜೊತೆ ಸುತ್ತಿದೆ. ಶೆಡ್ಡಿನ ಹಿಂದೆ ರಿಜೆಕ್ಷನ್ ಮಾಲಿನ ರಾಶಿ ಇತ್ತು. ಗಾಳಿಗುಳ್ಳೆ ಬಿದ್ದವು, ಮರಳು ಸೇರಿಕೊಂಡವು, ಕುಗ್ಗಿ ಬಿರುಕು ಬಿಟ್ಟವು. ಅವನ್ನು ಮತ್ತೆ ಕುಲುಮೆಗೆ ಹಾಕುವುದೇ ಗತಿ, ಆದ್ದರಿಂದ ಅವುಗಳ ನಿಜವಾದ ಬೆಲೆ ಗುಜರಿಯ ಬೆಲೆ; ಸ್ಟೇಟ್‌ಮೆಂಟಿನಲ್ಲಿ ಅವು ಸಿದ್ಧ ಎರಕದ ದರದಲ್ಲಿ ಕುಳಿತಿದ್ದವು. ಕಪಾಟಿನ ತುಂಬ ಇದ್ದ ಪ್ಯಾಟರ್ನ್‌ಗಳಲ್ಲಿ (ಎರಕದ ಅಚ್ಚು ತೆಗೆಯುವ ಮಾದರಿಗಳು) ಅರ್ಧಕ್ಕೂ ಹೆಚ್ಚು ಗಿರಾಕಿಗಳದ್ದು, ಆದರೂ ಅವು ದಾಸ್ತಾನಿನ ಪಟ್ಟಿಯಲ್ಲಿದ್ದವು. ಇವನ್ನು ಕಳೆದು ನೋಡಿದಾಗ ಬ್ಯಾಲೆನ್ಸ್ ಶೀಟಿನ ಅಂಕಿಯೇ ವಾಸ್ತವಕ್ಕೆ ಹತ್ತಿರವಿತ್ತು. ಇದು ಎಲ್ಲ ಘಟಕಗಳಿಗೂ ಅನ್ವಯಿಸುವ ಮಾತಲ್ಲ. ಕೆಲವೆಡೆ ತೆರಿಗೆಯ ಲೆಕ್ಕವೇ ಹೆಚ್ಚು ದೂರವಿತ್ತು.

ವಿಮೆಯ ಕಡೆಯ ಪರಿಣಾಮವನ್ನು ಬಹಳ ಮಾಲೀಕರು ಯೋಚಿಸಿಯೇ ಇರಲಿಲ್ಲ. ಬೆಂಕಿ ವಿಮೆಯಲ್ಲಿ ಸರಾಸರಿ ನಿಯಮ ಎಂಬುದಿದೆ: ಸ್ವತ್ತಿನ ಮೌಲ್ಯಕ್ಕಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ನಷ್ಟದ ಪರಿಹಾರವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಮೇಲಿನ ಘಟಕದಲ್ಲಿ ಹತ್ತು ಲಕ್ಷದ ಮಾಲು ಸುಟ್ಟಿತು ಎಂದುಕೊಳ್ಳೋಣ. ದಾಸ್ತಾನು 31 ಲಕ್ಷ ಎಂದು ಸ್ಥಿರವಾದರೆ ಪರಿಹಾರ ಸುಮಾರು 8 ಲಕ್ಷ. ನಷ್ಟ ಅಂದಾಜಿಸಲು ಬರುವ ಸರ್ವೇಯರ್, ಘಟಕ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟನ್ನು ತರಿಸಿಕೊಂಡು 40 ಲಕ್ಷವನ್ನೇ ಹಿಡಿದರೆ 6.25 ಲಕ್ಷ ಮಾತ್ರ. ಸಾಲಕ್ಕಾಗಿ ಉಬ್ಬಿಸಿದ ಅಂಕಿ ಪರಿಹಾರವನ್ನು ಕತ್ತರಿಸುತ್ತದೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಗೆ ವಿನಾಯಿತಿ ಇದೆ. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಸ್ವತ್ತುಳ್ಳ ಘಟಕಗಳಿಗೆ ಅದು ಅನ್ವಯಿಸುತ್ತದೆ. ಆದರೆ 31ಕ್ಕೆ 25 ಇದ್ದರೂ ಕೊರತೆ ಶೇ. 19ನ್ನು ದಾಟುತ್ತದೆ, ಆ ವಿನಾಯಿತಿಯ ನೆರವು ಸಿಗುವುದಿಲ್ಲ.

ದಾಸ್ತಾನಿನ ಅಂಕಿ ಇಷ್ಟು ಅಲುಗಾಡುವಾಗ ಉತ್ಪಾದನೆಯನ್ನು ಯಾವುದರಿಂದ ಅಳೆಯಬೇಕು? ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹೆಸ್ಕಾಂ ಕರೆಂಟ್ ಬಿಲ್ಲು. ಅದನ್ನು ಯಾರನ್ನೂ ಮೆಚ್ಚಿಸಲು ಬರೆದಿರುವುದಿಲ್ಲ. ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಆಸುಪಾಸು ಬೇಕಾಗುತ್ತದೆ; ಕುಲುಮೆಯ ವಯಸ್ಸು, ಪಾಳಿಗಳ ನಡುವೆ ಅದು ತಣ್ಣಗಾಗುವ ಹೊತ್ತು ಇವುಗಳ ಮೇಲೆ ಇದು ಏರುಪೇರಾಗುತ್ತದೆ. ತಿಂಗಳ ಯೂನಿಟ್‌ಗಳಿಂದ ಕರಗಿದ ಟನ್ ಅಂದಾಜಿಸಿ, ಅದನ್ನು ಜಿಎಸ್‌ಟಿ ರಿಟರ್ನಿನ ಮಾರಾಟದೊಂದಿಗೆ ಹೋಲಿಸಿದೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ಕರಗಿಸಿದ ಕಬ್ಬಿಣವೆಲ್ಲ ಎರಕವಾಗುವುದಿಲ್ಲ. ಕರಗಿದ ಲೋಹ ಅಚ್ಚಿಗೆ ಹರಿಯುವ, ತುಂಬಿ ನಿಲ್ಲುವ ದಾರಿಗಳಲ್ಲೇ ಗಟ್ಟಿಯಾಗುವ ರನ್ನರ್, ರೈಸರ್ ಎಂದು ಗಣನೀಯ ಭಾಗ ಕುಲುಮೆಗೆ ಮರಳುತ್ತದೆ. ಹಾಗೆಯೇ ಬಿಲ್ಲಿನ ಮೊತ್ತವನ್ನು ನೋಡದೆ ಯೂನಿಟ್‌ಗಳನ್ನೇ ನೋಡಬೇಕು, ಏಕೆಂದರೆ ಪಡೆದುಕೊಂಡ ವಿದ್ಯುತ್ ಸಾಮರ್ಥ್ಯಕ್ಕೆ ಕಟ್ಟುವ ಡಿಮ್ಯಾಂಡ್ ಶುಲ್ಕ ಕುಲುಮೆ ನಿಂತರೂ ನಿಲ್ಲುವುದಿಲ್ಲ. ಯೂನಿಟ್ ಹಾಗೇ ಇದ್ದು ಮಾರಾಟ ಮಾತ್ರ ಇಳಿದ ತಿಂಗಳುಗಳಲ್ಲಿ ವಿಚಾರಿಸಿದಾಗ ಬಹುಮಟ್ಟಿಗೆ ಒಂದೇ ಉತ್ತರ ಸಿಗುತ್ತಿತ್ತು: ರಿಜೆಕ್ಷನ್ ಹೆಚ್ಚಾಗಿದೆ. ಈ ಸಂಗತಿ ಯಾವ ಲಾಭ-ನಷ್ಟ ಪಟ್ಟಿಯಲ್ಲೂ ಪ್ರತ್ಯೇಕ ಸಾಲಾಗಿ ಕಾಣಿಸುವುದಿಲ್ಲ.

ಮಷೀನ್ ಶಾಪ್‌ಗಳಿಗೆ ಈ ಅಳತೆ ಒಗ್ಗುವುದಿಲ್ಲ. ಅಲ್ಲಿನ ತೊಡಕು ಜಾಬ್ ವರ್ಕ್. ಕಬ್ಬಿಣವನ್ನು ತಾನೇ ಕೊಂಡು ಕಡೆದು ಮಾರುವವನ ವಹಿವಾಟು, ಗಿರಾಕಿಯ ಮಾಲನ್ನು ಕಡೆದು ಕೂಲಿ ಮಾತ್ರ ಪಡೆಯುವವನ ವಹಿವಾಟಿಗಿಂತ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ, ಇಬ್ಬರ ಯಂತ್ರಗಳೂ ಅಷ್ಟೇ ಹೊತ್ತು ಓಡುತ್ತಿದ್ದರೂ. ಅದಕ್ಕೆ ಮಾರಾಟವನ್ನು ಬಿಟ್ಟು, ಕಚ್ಚಾ ಮಾಲಿನ ವೆಚ್ಚ ಕಳೆದ ಮೌಲ್ಯವರ್ಧನೆಯನ್ನು ಆಧಾರವಾಗಿಟ್ಟುಕೊಂಡೆ. ಅಂದಾಜು ಮಾರಾಟದ ಶೇ. 20ರಷ್ಟನ್ನು ದುಡಿಯುವ ಬಂಡವಾಳವಾಗಿ ಕೊಡಬೇಕೆಂಬ, ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರ ಜಾಬ್ ವರ್ಕ್ ಮಾಡುವವರಿಗೆ ಯಾವಾಗಲೂ ಕಡಿಮೆ ಸಾಲ ಕೊಡುವುದೇಕೆ ಎಂಬುದೂ ಇದರಿಂದ ನನಗೆ ತಿಳಿಯಿತು. ವರ್ಷಕ್ಕೆ ನಾಲ್ಕು ಸುತ್ತು ಹಣ ತಿರುಗುತ್ತದೆ ಎಂಬ ಊಹೆಯ ಮೇಲೆ ನಿಂತ ಆ ಸೂತ್ರ ಕೂಲಿಯ ಹಣ ತಡವಾಗಿ ಬರುವವನನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಲಾಭದ ಪ್ರಮಾಣದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಚಿಕ್ಕ ಘಟಕಗಳ ಆದಾಯ ತೆರಿಗೆ ವಿವರಗಳನ್ನು ಸಾಲಾಗಿ ಬರೆದುಕೊಂಡಾಗ ಲಾಭ ವಹಿವಾಟಿನ ಶೇ. 8ರ ಆಚೀಚೆ ಗುಂಪುಗೂಡಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ವಿಧಿಯಲ್ಲಿ ಊಹಾತ್ಮಕ ಲಾಭದ (ಸಣ್ಣ ಉದ್ಯಮಗಳು ವಿವರವಾದ ಲೆಕ್ಕದ ಬದಲು ವಹಿವಾಟಿನ ಇಂತಿಷ್ಟು ಭಾಗ ಎಂದು ತೋರಿಸುವ ಲಾಭದ) ಕನಿಷ್ಠ ದರವೇ ಶೇ. 8 ಆಗಿತ್ತು, ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಶೇ. 6. ಈ ಅಂಕಿಗಳನ್ನು ಹಿಡಿದು 'ಸಣ್ಣ ಉದ್ಯಮಗಳ ಸರಾಸರಿ ಲಾಭ' ಎಂದು ಕೋಷ್ಟಕ ಬರೆಯುವ ಪ್ರಬಂಧಗಳು ನಮ್ಮಲ್ಲಿ ಇವೆ.

ಅದಕ್ಕೆ ಬದಲಾಗಿ ನನಗೆ ಸಿಕ್ಕ ಅಳತೆಯನ್ನು ಒಬ್ಬ ಹಿರಿಯ ಮಾಲೀಕರೇ ಹೇಳಿಕೊಟ್ಟರು. "ಸಾಹೇಬ್ರ, ಲಾಭ ಎಷ್ಟಾತು ಅಂತ ಕೇಳಬ್ಯಾಡ್ರಿ. ಪಗಾರ ಯಾವ ತಾರೀಖಿಗೆ ಮಾಡಿದ್ವಿ ಅಂತ ಕೇಳ್ರಿ" ಎಂದರು. ಅಂದಿನಿಂದ ಪ್ರತಿ ಘಟಕದಲ್ಲೂ ಸಂಬಳದ ತಾರೀಖುಗಳನ್ನು ಕೇಳಿ ಬರೆದುಕೊಂಡೆ, ಬ್ಯಾಂಕ್ ಖಾತೆಯ ಮೂಲಕ ಸಂಬಳ ಕೊಡುವಲ್ಲಿ ತಾಳೆ ನೋಡಿದೆ. ಏಳನೇ ತಾರೀಖಿನ ಸಂಬಳ ಹನ್ನೆರಡಕ್ಕೆ, ಹನ್ನೆರಡರದ್ದು ಹದಿನೆಂಟಕ್ಕೆ ಜಾರುವುದು ಸಾಲದ ಕಂತು ತಪ್ಪುವುದಕ್ಕಿಂತ ಎಷ್ಟೋ ಮೊದಲೇ ಕಾಣಿಸಿಕೊಳ್ಳುತ್ತಿತ್ತು. ಬ್ಯಾಂಕಿನ ಪದ್ಧತಿಯಲ್ಲಿ ಬಾಕಿ ಬಿದ್ದ ಮೇಲೆಯೇ ಖಾತೆಯನ್ನು ಎಸ್‌ಎಂಎ (ವಿಶೇಷ ನಿಗಾ ಬೇಕಾದ ಖಾತೆ) ಎಂದು ಗುರುತಿಸುತ್ತೇವೆ, 90 ದಿನ ದಾಟಿದರೆ ಎನ್‌ಪಿಎ (ವಸೂಲಾಗದ ಸಾಲ). ಸಂಬಳದ ತಾರೀಖು ಈ ಗಡಿಯಾರ ಶುರುವಾಗುವ ಮುಂಚಿನ ಸ್ಥಿತಿಯನ್ನು ತೋರಿಸುತ್ತದೆ.

ಖಾತೆಯ ವಹಿವಾಟನ್ನು ಓದುವುದು ಎಲ್ಲಕ್ಕಿಂತ ಬೇಸರದ ಕೆಲಸ. ಜಮೆಯಾದ ಹಣದ ಒಟ್ಟು ಮೊತ್ತವನ್ನು ಮಾರಾಟಕ್ಕೆ ಹೋಲಿಸುವ ಮುನ್ನ ವಾಪಸಾದ ಚೆಕ್ಕುಗಳು, ಸಾಲದ ಜಮೆಗಳು, ತಮ್ಮನ ಸಂಸ್ಥೆಯಿಂದ ಬೆಳಿಗ್ಗೆ ಬಂದು ಸಂಜೆ ಮರಳಿದ ಮೊತ್ತಗಳು ಇವನ್ನೆಲ್ಲ ಕಳೆಯಬೇಕು. ಹೀಗೆ ಶೋಧಿಸಿದಾಗ, ಮಾರಾಟ ವೇಗವಾಗಿ ಬೆಳೆದ ಕೆಲವು ಘಟಕಗಳ ಖಾತೆಯೇ ಹೆಚ್ಚು ಬಿಗಿಯಾಗಿತ್ತು. ಅವು ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ಘಟಕಗಳು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆಯ ಪ್ರಕಾರ ಗಿರಾಕಿ ಹಣ ಕೊಡುವುದು 45 ದಿನ ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ಅವರಿಗಿದೆ. ಮುಂದಿನ ಆರ್ಡರ್ ಕೈತಪ್ಪೀತೆಂಬ ಭಯದಿಂದ ನಾನು ಮಾತನಾಡಿಸಿದವರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಸಂಖ್ಯಾಶಾಸ್ತ್ರದ ಭಾಗದಲ್ಲಿ ಸರಾಸರಿಯ ಬದಲು ಸಾಲಿನ ನಟ್ಟನಡುವಿನ ಅಂಕಿಯಾದ ಮಧ್ಯಾಂಕವನ್ನು, ಮೊತ್ತಗಳ ಬದಲು ಏರಿಕೆಯ ಕ್ರಮದಲ್ಲಿ ಘಟಕಗಳಿಗೆ ಬರುವ ಸ್ಥಾನಗಳ ಸಹಸಂಬಂಧವನ್ನು ಬಳಸಿದೆ. ಮಾದರಿ ಚಿಕ್ಕದಿದ್ದು ಒಂದೆರಡು ದೊಡ್ಡ ಘಟಕಗಳು ಸರಾಸರಿಯನ್ನು ಎಳೆದುಬಿಡುತ್ತಿದ್ದವು. ಸೂಕ್ಷ್ಮ, ಸಣ್ಣ ಎಂಬ ವರ್ಗೀಕರಣವನ್ನೂ ನಾನೇ ಸ್ಥಿರಗೊಳಿಸಬೇಕಾಯಿತು. 2020ರ ಜುಲೈ 1ರಿಂದ ಸೂಕ್ಷ್ಮ ಉದ್ಯಮದ ಮಿತಿ 1 ಕೋಟಿ ಹೂಡಿಕೆ ಮತ್ತು 5 ಕೋಟಿ ವಹಿವಾಟು ಆಗಿತ್ತು, 2025ರ ಏಪ್ರಿಲ್ 1ರಿಂದ ಅದು 2.5 ಕೋಟಿ ಮತ್ತು 10 ಕೋಟಿ ಆಗಿದೆ. ಒಂದು ಯಂತ್ರವನ್ನೂ ಮಾರದ ಘಟಕ ಸರ್ಕಾರಿ ಅಂಕಿಅಂಶದಲ್ಲಿ ಸಣ್ಣದರಿಂದ ಸೂಕ್ಷ್ಮಕ್ಕೆ ಸರಿಯಬಹುದು. ವರ್ಷಗಳ ನಡುವೆ ಹೋಲಿಸುವವರು ಒಂದೇ ಮಿತಿಯನ್ನು ಎಲ್ಲ ವರ್ಷಕ್ಕೂ ಅನ್ವಯಿಸಬೇಕು.

ಅಧ್ಯಯನ ಮುಗಿದ ಮೇಲೆ ಒಪ್ಪಿಗೆ ಕೊಟ್ಟ ಮಾಲೀಕರಿಗೆ ಅವರವರ ಮೂರು ಅಂಕಿಗಳನ್ನೂ ವಿಮೆಯ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಟ್ಟೆ. ಕೆಲವರು ಪಾಲಿಸಿಯ ಮೊತ್ತ ಏರಿಸಿಕೊಂಡರು. ಮೇಲೆ ಹೇಳಿದ ಘಟಕದ ಮಾಲೀಕರು ಸ್ಟಾಕ್ ಸ್ಟೇಟ್‌ಮೆಂಟನ್ನು 31 ಲಕ್ಷಕ್ಕೆ ಇಳಿಸುವುದಾದರೆ ಖಾತೆ ಮೀರುವ ಆರು ಲಕ್ಷವನ್ನು ಅವಧಿ ಸಾಲವಾಗಿ ಬದಲಿಸಿಕೊಡುತ್ತೀರಾ ಎಂದು ತಮ್ಮ ಬ್ಯಾಂಕಿಗೆ ಅರ್ಜಿ ಹಾಕಿದರು. ಅದು ಮಂಜೂರಾಗಲು ಒಂದು ನವೀಕರಣದ ಅವಧಿ ಹಿಡಿಯಿತು. ಅಲ್ಲಿಯವರೆಗೆ ಸ್ಟೇಟ್‌ಮೆಂಟಿನಲ್ಲಿ 40 ಲಕ್ಷವೇ ಮುಂದುವರಿಯಿತು, ಪಾಲಿಸಿಯನ್ನು ಮಾತ್ರ ಅವರು ಆ ವಾರವೇ ತಿದ್ದಿಸಿದ್ದರು.