ಕೊಳದ ಮೀನುಗಳನ್ನು ಬೇಟೆಗಾರ ಪ್ರಾಣಿಗಳಿಂದ ಕಾಯುವುದು ಹೇಗೆ?

ಆಹಾರ ಚೆಲ್ಲಿದೊಡನೆ ಮೇಲಕ್ಕೆ ಮುಗಿಬೀಳುತ್ತಿದ್ದ ಮೀನುಗಳು ಒಂದು ಬೆಳಿಗ್ಗೆ ತಳ ಬಿಟ್ಟು ಏಳದೆ ಮೂಲೆಯಲ್ಲಿ ಗುಂಪುಗೂಡಿ ನಿಂತಿದ್ದರೆ, ಕತ್ತಲಲ್ಲೋ ನಸುಕಿನಲ್ಲೋ ಕೊಳಕ್ಕೆ ಯಾವುದೋ ಪ್ರಾಣಿ ಬಂದುಹೋಗಿರುವ ಸಂಭವ ಹೆಚ್ಚು. ಮೀನುಗಳ ಸಂಖ್ಯೆ ಇಳಿದಿರುವುದು ನಮಗೆ ತಡವಾಗಿ ಗೊತ್ತಾಗುತ್ತದೆ. ಅವುಗಳ ಅಂಜಿಕೆ ಮೊದಲೇ ಕಣ್ಣಿಗೆ ಬೀಳುತ್ತದೆ. ಇಂತಹ ಹೊತ್ತಿನಲ್ಲಿ ಹೆಚ್ಚಿನವರು ಕೈಗೆ ಸಿಕ್ಕಿದ ಒಂದು ಬಲೆಯನ್ನು ತಂದು ನೀರಿನ ಮೇಲೆ ಹರಡುತ್ತಾರೆ, ಇಲ್ಲವೇ ದಂಡೆಯಲ್ಲಿ ಒಂದು ಬೆದರುಬೊಂಬೆಯನ್ನು ನಿಲ್ಲಿಸುತ್ತಾರೆ. ಬಂದದ್ದು ಬಕವೋ ನೀರುನಾಯಿಯೋ ಎಂದು ತಿಳಿಯದೆ ಮಾಡಿದ ಇಂತಹ ಏರ್ಪಾಡು ಫಲ ಕೊಟ್ಟರೆ ಅದು ಅದೃಷ್ಟವೇ ಸರಿ.

ಮೀನು ತಿನ್ನುವ ಪ್ರತಿಯೊಂದು ಪ್ರಾಣಿಗೂ ಬೇಟೆಗೆ ಯಾವುದೋ ಒಂದು ಅನುಕೂಲ ಇರಲೇಬೇಕು. ಬಕಕ್ಕೆ ಕಾಲೂರಲು ನೆಲ ಬೇಕು. ಮಿಂಚುಳ್ಳಿಗೆ ಕೂತು ನೋಡಲು ಕೊಂಬೆ ಬೇಕು. ನೀರುಕಾಗೆಗೆ ಇಳಿಯಲು ಮತ್ತು ಮತ್ತೆ ಮೇಲೇಳಲು ತೆರೆದ ನೀರು ಬೇಕು. ನೀರುನಾಯಿ ನೆಲದ ಮೇಲೆ ನಡೆದೇ ಕೊಳಕ್ಕೆ ಬರಬೇಕು. ಆ ಅನುಕೂಲ ಯಾವುದೆಂದು ಕಂಡುಕೊಂಡು ಅದನ್ನು ತಪ್ಪಿಸುವುದೇ ಮೀನು ಕಾಯುವ ಕೆಲಸದ ಮುಖ್ಯ ಭಾಗ, ಹೆದರಿಸುವುದು ಅದಕ್ಕೆ ಪೂರಕ ಮಾತ್ರ.

ಮೊದಲು ಗುರುತುಗಳನ್ನು ಓದಿಕೊಳ್ಳಿ

ಸತ್ತ ಮೀನುಗಳು ಮೈಮೇಲೆ ಗಾಯವಿಲ್ಲದೆ ತೇಲುತ್ತಿದ್ದರೆ ಅದು ಬೇಟೆಯ ಕೆಲಸವಲ್ಲ. ಗಿಡ, ಪಾಚಿ ಹೆಚ್ಚಿರುವ ಕೊಳದಲ್ಲಿ ರಾತ್ರಿಯಿಡೀ ಆಮ್ಲಜನಕ ಖರ್ಚಾಗಿ, ಸೂರ್ಯೋದಯಕ್ಕೆ ಮುಂಚಿನ ಹೊತ್ತಿಗೆ ಅದರ ಪ್ರಮಾಣ ತೀರಾ ಇಳಿದಿರುತ್ತದೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುತ್ತವೆ, ಕೆಲವು ಸಾಯುತ್ತವೆ. ಆ ಹೆಣಗಳನ್ನು ಎತ್ತಿಕೊಂಡು ಹೋಗಲು ಬಂದ ಕಾಗೆ, ಬೆಕ್ಕುಗಳ ಮೇಲೆ ಕೊಲೆಯ ಆಪಾದನೆ ಬೀಳುವುದು ಸಾಮಾನ್ಯ. ಈ ಅನುಮಾನ ಪರಿಹಾರವಾದ ಮೇಲೆಯೇ ಬೇಲಿ, ಬಲೆಗಳ ಖರ್ಚಿಗೆ ಕೈಹಾಕುವುದು ಒಳ್ಳೆಯದು.

ದಂಡೆಯ ಹಸಿ ಮಣ್ಣು ಬಹಳಷ್ಟನ್ನು ಹೇಳುತ್ತದೆ. ಅಂತಹ ಮಣ್ಣಿಲ್ಲದಿದ್ದರೆ ಸಂಜೆ ನೀರಿನ ಅಂಚಿನುದ್ದಕ್ಕೂ ಒಂದು ಅಡಿ ಅಗಲಕ್ಕೆ ತೇವದ ಮರಳನ್ನು ಹರಡಿ, ಬೆಳಿಗ್ಗೆ ಬೆಳಕು ಓರೆಯಾಗಿ ಬೀಳುವಾಗ ಬಗ್ಗಿ ನೋಡಿ. ಮುಂದಕ್ಕೆ ಮೂರು, ಹಿಂದಕ್ಕೆ ಒಂದು ಉದ್ದನೆಯ ಬೆರಳಿರುವ, ಅಂಗೈಯಷ್ಟು ದೊಡ್ಡ ಗುರುತು ಬಕದ್ದು. ಅದರ ಆಸುಪಾಸಿನಲ್ಲಿ ಸುಣ್ಣ ಚೆಲ್ಲಿದಂತಹ ಬಿಳಿಯ ಹಿಕ್ಕೆಯೂ ಇರಬಹುದು. ನಾಯಿಯ ಹೆಜ್ಜೆಯಂತೆ ಕಂಡರೂ ನಾಲ್ಕರ ಬದಲು ಐದು ಬೆರಳು ಮೂಡಿದ್ದರೆ ನೀರುನಾಯಿಯೆಂದು ಶಂಕಿಸಬೇಕು. ಅದರ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿದರೆ ಮೀನಿನ ಮುಳ್ಳು, ಹುರುಪೆಗಳು ಹೊಳೆಯುತ್ತವೆ, ವಾಸನೆಯೂ ಮೀನಿನದೇ. ದೊಡ್ಡ ಮೀನನ್ನು ದಂಡೆಗೆ ಎಳೆದು ತಂದು ಅರ್ಧ ತಿಂದು ಬಿಟ್ಟುಹೋಗಿರುವುದೂ ಬಹುತೇಕ ನೀರುನಾಯಿಯ ಕೆಲಸವೇ. ಇದಕ್ಕೆ ವಿರುದ್ಧವಾಗಿ ನೀರುಕಾಗೆ ಹಿಡಿದ ಮೀನನ್ನು ಇಡಿಯಾಗಿ ನುಂಗುವುದರಿಂದ ಏನೂ ಉಳಿಯುವುದಿಲ್ಲ. ತಪ್ಪಿಸಿಕೊಂಡ ಮೀನುಗಳ ಪಕ್ಕೆಯ ಮೇಲೆ ಅದರ ಕೊಕ್ಕಿನ ಕೊಕ್ಕೆ ಎಳೆದ ಗೀರುಗಳು ಕಾಣುತ್ತವೆ. ಬಕದ ಕೊಕ್ಕಿನಿಂದ ಪಾರಾದ ಮೀನಿನ ಬೆನ್ನಿನಲ್ಲಿ ಈಟಿ ತಿವಿದಂತಹ ಗಾಯವಿರುತ್ತದೆ.

ಬಕಕ್ಕೆ ನಿಲ್ಲಲು ಜಾಗ ಕೊಡಬೇಡಿ

ಮನೆಯ ಕೊಳಗಳಿಗೆ ಅತಿ ಹೆಚ್ಚು ಹಾನಿ ಮಾಡುವುದು ಬಕವೇ ಆದ್ದರಿಂದ ಅದರ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಬೂದು ಬಕ ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ಅದು ಸಾಮಾನ್ಯವಾಗಿ ನೇರವಾಗಿ ನೀರಿಗೆ ಇಳಿಯದೆ ಹತ್ತಿರದ ನೆಲಕ್ಕಿಳಿದು, ಅತ್ತಿತ್ತ ನೋಡಿ, ನಡೆದುಕೊಂಡು ಕೊಳದ ಅಂಚಿಗೆ ಬರುತ್ತದೆ. ಬಂದ ಮೇಲೆ ಅದರ ಧ್ಯಾನ ಎಷ್ಟು ಹೊತ್ತಿನದೆಂದು ಹೇಳಲಾಗದು. ಬಕಧ್ಯಾನವೆಂಬ ಮಾತನ್ನು ಕಪಟಿಗಳಿಗೆ ಅನ್ವಯಿಸುವ ನಾವು ಆ ಹಕ್ಕಿಯ ತಾಳ್ಮೆಯನ್ನು ಮೆಚ್ಚಿಕೊಳ್ಳುವುದು ಕಡಿಮೆ. ಬೆಳಗಿನ ನಸುಕು ಮತ್ತು ಮುಸ್ಸಂಜೆ ಅದಕ್ಕೆ ಪ್ರಿಯವಾದ ವೇಳೆ, ಅಂದರೆ ಕೊಳದ ಬಳಿ ಮನುಷ್ಯರು ಇಲ್ಲದ ವೇಳೆ.

ಹೊಸ ಕೊಳವನ್ನು ತೋಡುವವರಿಗೆ ಬಕವನ್ನು ತಡೆಯುವುದು ಸುಲಭ. ದಂಡೆಯ ಇಳಿಜಾರು ನಿಧಾನವಾಗಿರದೆ, ಅಂಚಿನಲ್ಲಿಯೇ ನೀರು 60 ಸೆಂಟಿಮೀಟರಿಗಿಂತ ಆಳವಿರುವಂತೆ ಗೋಡೆಯನ್ನು ಹೆಚ್ಚುಕಡಿಮೆ ನೆಟ್ಟಗೆ ಕಡಿದರೆ ಬಕಕ್ಕೆ ನೀರಿನಲ್ಲಿ ನಿಲ್ಲಲಾಗದು. ನೀರಿನ ಮಟ್ಟ ದಂಡೆಯ ಅಂಚಿಗಿಂತ ಒಂದೂವರೆ ಗೇಣು ಕೆಳಗಿದ್ದರೆ ದಡದಲ್ಲಿ ನಿಂತು ಕೊಕ್ಕು ಚಾಚುವುದೂ ಕಷ್ಟವಾಗುತ್ತದೆ. ಅಲಂಕಾರದ ಗಿಡಗಳನ್ನಿಡಲೆಂದು ಕೊಳದೊಳಗೆ ಸುತ್ತಲೂ ಕಟ್ಟುವ ಆಳವಿಲ್ಲದ ಮೆಟ್ಟಿಲು ನಿಜಕ್ಕೂ ಬಕಕ್ಕೆ ಹಾಕಿಕೊಟ್ಟ ಮಣೆ. ಆದರೆ ನೆಟ್ಟಗಿನ ಗೋಡೆ ಬಿದ್ದ ಮಕ್ಕಳಿಗೂ ಸಣ್ಣ ಪ್ರಾಣಿಗಳಿಗೂ ಅಪಾಯಕಾರಿಯಾದುದರಿಂದ, ಕೊಳದ ಸುತ್ತ ಬೀಗವಿರುವ ಬೇಲಿ ಮತ್ತು ಒಂದು ಮೂಲೆಯಲ್ಲಿ ಮೇಲೆ ಹತ್ತಿಬರಲು ಅಡಿಯಗಲದ ಒರಟು ಇಳಿಜಾರು ಇರಲೇಬೇಕು. ಆ ಇಳಿಜಾರಿಗೆ ಮಾತ್ರ ದಪ್ಪ ಗಿಡಗಳ ಮರೆ ಕೊಡಬಹುದು.

ಈಗಾಗಲೇ ಇರುವ ಕೊಳಕ್ಕೆ ದಾರದ ಬೇಲಿ ಕಡಿಮೆ ಖರ್ಚಿನ ಉಪಾಯ. ನೀರಿನ ಅಂಚಿನಿಂದ ಒಂದು ಅಡಿ ಹಿಂದಕ್ಕೆ, ಎರಡು ಮೀಟರಿಗೊಂದರಂತೆ ಗೂಟಗಳನ್ನು ನೆಟ್ಟು, ನೆಲದಿಂದ 20 ಮತ್ತು 40 ಸೆಂಟಿಮೀಟರ್ ಎತ್ತರಗಳಲ್ಲಿ ಗಟ್ಟಿ ನೈಲಾನ್ ಹುರಿಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ನಡೆದು ಬರುವ ಬಕದ ಕಾಲಿಗೆ ಹುರಿ ತಗಲಿದಾಗ ಅದು ಹಿಂಜರಿಯುತ್ತದೆ. ಹುರಿ ಸಡಿಲವಾದರೆ ಹಕ್ಕಿ ಅದನ್ನು ಸಲೀಸಾಗಿ ದಾಟುತ್ತದೆ, ಒಂದು ಕಡೆ ಸಂದು ಬಿಟ್ಟರೆ ಎರಡನೆಯ ದಿನವೇ ಆ ಸಂದನ್ನು ಕಂಡುಹಿಡಿಯುತ್ತದೆ.

ಮೀನಿಗೆ ಆಹಾರ ಹಾಕುವ ಜಾಗದ ಬಗ್ಗೆಯೂ ಯೋಚಿಸಬೇಕು. ನೋಡಲು ಚೆನ್ನವೆಂದು ನಾವು ಆಳವಿಲ್ಲದ ಅಂಚಿನಲ್ಲಿ ಕೂತು ತಿನ್ನಿಸುತ್ತೇವೆ; ದಡದಲ್ಲಿ ನೆರಳು ಕಂಡೊಡನೆ ಹತ್ತಿರ ಬರುವುದು ಮೀನುಗಳಿಗೆ ರೂಢಿಯಾಗುತ್ತದೆ. ಆ ನೆರಳು ನಮ್ಮದೋ ಬಕದ್ದೋ ಎಂದು ಅವು ಕೇಳುವುದಿಲ್ಲ. ಆಹಾರವನ್ನು ಕೊಳದ ಆಳದ ಭಾಗಕ್ಕೆ ಎಸೆಯುವುದು ಇದಕ್ಕೆ ಸರಳ ಪರಿಹಾರ.

ಬಲೆ ಕಟ್ಟುವುದಾದರೆ ಬಿಗಿಯಾಗಿ ಕಟ್ಟಿ

ಎಲ್ಲ ಬಗೆಯ ಹಕ್ಕಿಗಳನ್ನೂ ಖಂಡಿತವಾಗಿ ತಡೆಯಬಲ್ಲದ್ದು ಬಲೆಯೊಂದೇ. ಕೆಟ್ಟದಾಗಿ ಕಟ್ಟಿದರೆ ಅತಿ ಹೆಚ್ಚು ಕೇಡು ಮಾಡುವುದೂ ಅದೇ. ನನ್ನ ಕೊಳಕ್ಕೆ ಮೊದಲ ಸಲ ಬಲೆ ಹಾಸಿದಾಗ ನಡುವೆ ಆಸರೆಯ ತಂತಿಯನ್ನು ಎಳೆಯುವ ಕೆಲಸವನ್ನು ಮುಂದಕ್ಕೆ ಹಾಕಿದ್ದೆ. ಮೂರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ, ಬೂದು ಬಕವೊಂದು ಬಲೆಯ ಮೇಲೆಯೇ ನಿಂತು, ತನ್ನ ಭಾರಕ್ಕೆ ಅದು ಜಗ್ಗಿ ನೀರು ಮುಟ್ಟಿದ ಕಡೆಯಲ್ಲಿ, ಬಲೆಯ ಕಣ್ಣಿನ ಮೂಲಕ ಕೊಕ್ಕು ಇಳಿಸಿ ಆರಾಮವಾಗಿ ತಿನ್ನುತ್ತಿತ್ತು. ನಾನೇ ಖರ್ಚು ಮಾಡಿ ಅದಕ್ಕೆ ಅಟ್ಟಣೆ ಕಟ್ಟಿಕೊಟ್ಟಂತಾಗಿತ್ತು.

ಆದ್ದರಿಂದ ಮೊದಲು ಕೊಳದ ಮೇಲೆ ಅಡ್ಡಡ್ಡಲಾಗಿ ಮೀಟರಿಗೊಂದರಂತೆ ಉಕ್ಕಿನ ತಂತಿ ಎಳೆದು ಬಿಗಿ ಮಾಡಿ, ಬಲೆಯನ್ನು ಅದರ ಮೇಲೆ ಹಾಸಬೇಕು. ನಡುಭಾಗದಲ್ಲೂ ಬಲೆ ನೀರಿಗಿಂತ ಕನಿಷ್ಠ 40 ಸೆಂಟಿಮೀಟರ್ ಮೇಲಿರಬೇಕು. ಬಕ, ನೀರುಕಾಗೆಗಳಿಗೆ 5 ಸೆಂಟಿಮೀಟರ್ ಕಣ್ಣಿನ ಬಲೆ ಸಾಕು, ಮಿಂಚುಳ್ಳಿಯ ಕಾಟವಿದ್ದರೆ ಎರಡೂವರೆ ಸೆಂಟಿಮೀಟರಿಗಿಂತ ಚಿಕ್ಕ ಕಣ್ಣು ಬೇಕಾಗುತ್ತದೆ. ಕಣ್ಣಿಗೆ ಕಾಣದ ತೆಳು ನೈಲಾನ್ ಎಳೆಯ ಬಲೆ ಬೇಡವೇ ಬೇಡ. ಹಕ್ಕಿ, ಬಾವಲಿಗಳು ಅದರಲ್ಲಿ ಸಿಕ್ಕಿ ಸಾಯುತ್ತವೆ. ನೆಲದ ಮೇಲೆ ರಾಶಿಯಾಗಿ ಬಿದ್ದ ಬಲೆಯ ಅಂಚಿನಲ್ಲಿ ಹಾವುಗಳು ಹೊಕ್ಕು, ಹುರುಪೆಗಳು ಸಿಕ್ಕಿಕೊಂಡು ಹಿಂದೆ ಸರಿಯಲಾಗದೆ ಒದ್ದಾಡುತ್ತವೆ. ಬಲೆಯನ್ನು ನೆಲದಿಂದ ಒಂದಡಿ ಮೇಲಕ್ಕೇ ನಿಲ್ಲಿಸಿ, ಆ ಕೆಳಗಿನ ಅಡಿಯನ್ನು ಗಟ್ಟಿಯಾದ ತಂತಿಜಾಲರಿಯಿಂದ ಮುಚ್ಚಿದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಬಲೆಯಿಂದ ಮುಚ್ಚಲಾಗದಷ್ಟು ದೊಡ್ಡ ಹೊಂಡವಾದರೆ ನೀರಿನೊಳಗೇ ಆಸರೆ ಕೊಡಬೇಕು. ನೀರುಕಾಗೆ ಮೀನನ್ನು ನೀರಿನಡಿಯಲ್ಲಿ ಅಟ್ಟಿಸಿಕೊಂಡು ಹೋಗುವ ಹಕ್ಕಿ. ಬಯಲಿನಂತಹ ತಳ ಅದಕ್ಕೆ ಅನುಕೂಲ. ಮೀನು ನುಸುಳಬಲ್ಲ, ಆದರೆ ಹಕ್ಕಿಯ ಮೈ ತೂರದಷ್ಟು ಕಿಂಡಿಗಳಿರುವ ತಂತಿಪಂಜರಗಳನ್ನು ಮಾಡಿ, ಒಳಗೆ ಕೊಂಬೆರೆಂಬೆ ತುಂಬಿ ತಳದಲ್ಲಿ ಇರಿಸಬಹುದು. ಕೊಳವೆಗಳನ್ನು ಹಾಕುವುದಾದರೆ ಎರಡೂ ತುದಿ ತೆರೆದಿರಲಿ, ಒಂದು ತುದಿ ಮುಚ್ಚಿದರೆ ಆಸರೆಯೇ ಬೋನಾಗುತ್ತದೆ. ತಾವರೆ, ನೈದಿಲೆಗಳ ಎಲೆಯೂ ಒಳ್ಳೆಯ ಮರೆ, ಆದರೆ ಅದು ನೀರಿನ ಅರ್ಧಭಾಗಕ್ಕಿಂತ ಹೆಚ್ಚು ಹಬ್ಬಿದರೆ ಮೊದಲು ಹೇಳಿದ ಆಮ್ಲಜನಕದ ಕೊರತೆ ತಲೆಹಾಕುತ್ತದೆ. ಮಿಂಚುಳ್ಳಿಗಾದರೆ ನೀರಿನ ಮೇಲೆ ಚಾಚಿದ ಕೊಂಬೆ, ಗೂಟಗಳನ್ನು ತೆಗೆದುಹಾಕಿದರೂ ಸಾಕಷ್ಟು ಉಪಯೋಗವಾಗುತ್ತದೆ.

ನೀರುನಾಯಿಗೆ ಬೇಲಿಯೇ ಗತಿ

ನೀರುನಾಯಿ ಹೆಚ್ಚಾಗಿ ರಾತ್ರಿ ಬರುತ್ತದೆ, ಹತ್ತುತ್ತದೆ, ಅಗೆಯುತ್ತದೆ, ಸಂದು ಹುಡುಕುತ್ತದೆ. ಬೇಲಿ 1.2ರಿಂದ 1.5 ಮೀಟರ್ ಎತ್ತರವಿದ್ದು, ಜಾಲರಿಯ ಕಣ್ಣು 5 ಸೆಂಟಿಮೀಟರ್ ಮೀರದಿರಲಿ. ಬುಡವನ್ನು ಒಂದಡಿ ನೆಲದೊಳಗೆ ಹೂತು, ಅಲ್ಲಿಂದ ಇನ್ನೊಂದಡಿಯನ್ನು ಹೊರಮುಖವಾಗಿ ಮಡಚಬೇಕು. ಬೇಲಿಯ ಬುಡದಲ್ಲಿ ಅಗೆಯತೊಡಗಿದ ಪ್ರಾಣಿಗೆ ಉಗುರಿನಡಿ ಮತ್ತೆ ಜಾಲರಿಯೇ ಸಿಗುತ್ತದೆ. ಮೇಲಿನ ತುದಿಯೂ ಹೊರಕ್ಕೆ ಬಾಗಿರಲಿ. ಇಷ್ಟೆಲ್ಲ ಮಾಡಿ ಬಾಗಿಲಿನಡಿ ನಾಲ್ಕು ಬೆರಳು ಸಂದು ಬಿಡುವವರೂ, ನೀರು ಹೊರಹೋಗುವ ಕೊಳವೆಗೆ ಸರಳು ಹಾಕದೆ ಬಿಡುವವರೂ ಇದ್ದಾರೆ.

ವಿದ್ಯುತ್ ಬೇಲಿಯನ್ನು ಬಳಸುವುದಾದರೆ, ಕ್ಷಣಮಾತ್ರದ ದುರ್ಬಲ ಆಘಾತವನ್ನು ಬಿಟ್ಟುಬಿಟ್ಟು ಕೊಡುವ, ಬೇಲಿಗೆಂದೇ ತಯಾರಾದ ಸಾಧನವನ್ನು ಮಾತ್ರ ಬಳಸಬೇಕು. ಮನೆಯ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಡುವುದು ಪ್ರಾಣಿಯನ್ನೂ ಮನುಷ್ಯರನ್ನೂ ಕೊಲ್ಲುತ್ತದೆ. ನೀರುನಾಯಿಯ ಮೂಗು ತಗಲುವಂತೆ 10, 20 ಮತ್ತು 30 ಸೆಂಟಿಮೀಟರ್ ಎತ್ತರದಲ್ಲಿ ತಂತಿಗಳಿರಲಿ, ಹುಲ್ಲು ಬೆಳೆದು ತಂತಿಗೆ ತಾಗಿದರೆ ವಿದ್ಯುತ್ತು ನೆಲಕ್ಕೆ ಸೋರಿ ಬೇಲಿ ಬರೀ ದಾರವಾಗುತ್ತದೆ.

ಮರಿಮೀನುಗಳ ಶತ್ರುಗಳು ಚಿಕ್ಕವು

ಈಗಷ್ಟೇ ಬಿಟ್ಟ ಮರಿಗಳನ್ನು ತಿನ್ನುವವು ಬಹುಪಾಲು ಕೀಟಗಳೇ. ನೀರುತಿಗಣೆ, ಮುಳುಗುವ ಜೀರುಂಡೆಗಳಿಗೆ ಉಸಿರಾಡಲು ಆಗಾಗ ಮೇಲೆ ಬರಲೇಬೇಕಾದ್ದರಿಂದ, ಮರಿಗಳನ್ನು ಬಿಡುವ 12ರಿಂದ 24 ಗಂಟೆ ಮೊದಲು ನೀರಿನ ಮೇಲೆ ಎಣ್ಣೆ ಮತ್ತು ಸೋಪಿನ ಮಿಶ್ರಣದ ತೆಳುಪೊರೆಯನ್ನು ಹರಡುವ ಪದ್ಧತಿ ಮೀನುಮರಿ ಸಾಕಣೆಯಲ್ಲಿದೆ. ಅದರ ಪ್ರಮಾಣ ಹೆಕ್ಟೇರಿಗೆ 56 ಕಿಲೋ ಎಣ್ಣೆ, 18 ಕಿಲೋ ಸೋಪು. ಅಂದರೆ 100 ಚದರ ಮೀಟರಿನ ಹೊಂಡಕ್ಕೆ 560 ಗ್ರಾಂ ಎಣ್ಣೆ, 180 ಗ್ರಾಂ ಸೋಪು. ಗಾಳಿ ಬೀಸಿದರೆ ಪೊರೆ ಒಡೆಯುವುದರಿಂದ ಗಾಳಿಯಿಲ್ಲದ ಹೊತ್ತನ್ನು ಆರಿಸಿಕೊಳ್ಳಬೇಕು. ಮೀನಿರುವ ಅಲಂಕಾರದ ಕೊಳಕ್ಕೆ ಇದು ಸಲ್ಲದು. ಏರೋಪ್ಲೇನ್ ಚಿಟ್ಟೆಯ ಮರಿಹುಳು ಹೊಟ್ಟೆಯ ಹಿಂತುದಿಯೊಳಗಿನ ಕಿವಿರಿನಿಂದ ನೀರಿನಲ್ಲೇ ಉಸಿರಾಡುವುದರಿಂದ ಅದಕ್ಕೆ ಎಣ್ಣೆಪೊರೆ ನಾಟುವುದಿಲ್ಲ. ಹೊಂಡವನ್ನು ಚೆನ್ನಾಗಿ ಒಣಗಿಸಿ, ಮರಿ ಬಿಡುವ ಸ್ವಲ್ಪ ದಿನ ಮುಂಚೆಯಷ್ಟೇ ನೀರು ತುಂಬಿದರೆ ಆ ಹುಳು ಬೆಳೆಯಲು ಸಮಯ ಸಿಗುವುದಿಲ್ಲ. ನೀರು ಒಳಬರುವ ಬಾಯಿಗೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಜಾಲರಿ ಕಟ್ಟಿದರೆ ಹೊರಗಿನ ಬೇಟೆಮೀನುಗಳ ಮರಿಗಳು ಬರುವುದೂ ನಿಲ್ಲುತ್ತದೆ. ಸಾಧ್ಯವಿದ್ದವರು ಬೆರಳುದ್ದಕ್ಕಿಂತ ದೊಡ್ಡ ಮರಿಗಳನ್ನೇ ಬಿಡುವುದು ಲೇಸು.

ಹೆದರಿಸುವ ಉಪಾಯಗಳು

ಪ್ಲಾಸ್ಟಿಕ್ ಬಕವನ್ನು ನಿಲ್ಲಿಸಿದರೆ ನಿಜವಾದ ಬಕ ಬರುವುದಿಲ್ಲವೆಂಬ ನಂಬಿಕೆ ಬಹಳ ಕಡೆ ಇದೆ. ಬಕಗಳು ಒಳ್ಳೆಯ ಮೇವಿರುವಲ್ಲಿ ಒಟ್ಟಾಗಿ ಸೇರುವುದೂ ಉಂಟಾದ್ದರಿಂದ ಆ ಬೊಂಬೆ ಕೆಲವೊಮ್ಮೆ ಆಹ್ವಾನಪತ್ರಿಕೆಯೇ ಆಗುತ್ತದೆ. ಹೊಳೆಯುವ ಪಟ್ಟಿ, ಕನ್ನಡಿಗಳ ಹೆದರಿಕೆ ಕೆಲವೇ ದಿನ ಉಳಿಯುತ್ತದೆ. ಚಲನೆಯನ್ನು ಗ್ರಹಿಸಿ ಥಟ್ಟನೆ ನೀರು ಚಿಮ್ಮಿಸುವ ಯಂತ್ರ ಇವುಗಳಿಗಿಂತ ಮೇಲು, ಅದನ್ನೂ ಮೂರುನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿ ಇಡಬೇಕು.

ವಿಷ, ಉರುಳು, ಬಂದೂಕುಗಳ ಮಾತು ಬೇಡ. ಬಕ, ನೀರುನಾಯಿಗಳಿಗೆ ಅನೇಕ ದೇಶಗಳಲ್ಲಿ ಕಾನೂನಿನ ರಕ್ಷಣೆಯಿದೆ. ಅದಲ್ಲದೆ ಒಂದನ್ನು ಕೊಂದರೆ ತೆರವಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಬಲೆ ಕಟ್ಟಿದವರು ದಿನಕ್ಕೆ ಎರಡು ಬಾರಿಯಾದರೂ ಅದರ ಸುತ್ತ ಒಂದು ಸುತ್ತು ಬರಬೇಕು. ಬಕ ಸಿಕ್ಕಿಕೊಂಡಿದ್ದರೆ ಅವಸರದಿಂದ ಮುಖವನ್ನು ಹತ್ತಿರ ಒಯ್ಯಬೇಡಿ, ಗಾಬರಿಗೊಂಡ ಹಕ್ಕಿ ಕಣ್ಣಿಗೇ ಕುಕ್ಕುತ್ತದೆ. ದಪ್ಪ ಬಟ್ಟೆಯನ್ನು ಅದರ ತಲೆಯ ಮೇಲೆ ಹಾಕಿ, ಮೂಗಿನ ಹೊಳ್ಳೆ ಮುಚ್ಚದಂತೆ ಒಬ್ಬರು ಕೊಕ್ಕನ್ನು ಹಿಡಿದುಕೊಂಡರೆ ಇನ್ನೊಬ್ಬರು ಕತ್ತರಿಯಿಂದ ಎಳೆಗಳನ್ನು ಕತ್ತರಿಸಬಹುದು; ಬಲೆ ಉಳಿಸುವ ಆಸೆಗೆ ಎಳೆದು ಬಿಡಿಸಹೋದರೆ ಕಾಲು ಮುರಿಯುತ್ತದೆ. ಹರಿದ ಕಣ್ಣುಗಳನ್ನು ಅಂದೇ ಹೆಣೆದು ಮುಚ್ಚಿ, ಏಕೆಂದರೆ ಬಿಡುಗಡೆಯಾದ ಆ ಬಕ ಮರುದಿನ ಮತ್ತೆ ಬರಬಹುದು.