ಬಿಸಿನೀರಿನ ಬಕೆಟ್‌ನಲ್ಲೇ ನನ್ನ ಕಾಲಿನ ಆಣಿ ಹೋಯಿತು

ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಆಣಿ ಇಟ್ಟುಕೊಂಡೇ ಸುಮಾರು 2 ವರ್ಷ ದೋಸೆ ಕಲ್ಲಿನ ಮುಂದೆ ನಿಂತೆ. ಬೆಳಿಗ್ಗೆ ರಶ್ಶಿನಲ್ಲಿ ಜಾಗ ಬಿಟ್ಟು ಕದಲುವ ಹಾಗಿಲ್ಲ. ಹೆಜ್ಜೆ ಊರಿದರೆ ಚಪ್ಪಲಿಯೊಳಗೆ ಮೊಳೆ ಇದ್ದ ಹಾಗೆ. ನಮ್ಮ ಕೆಲಸದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ದುಡ್ಡು ಬೇಕಾದಷ್ಟು ಕಳೆದೆ. ಆಣಿಗೆಂದೇ ಸಿಗುವ ಔಷಧಿ ಪಟ್ಟಿ, ಕಾರ್ನ್ ಕ್ಯಾಪ್, ಹತ್ತು ಹನ್ನೆರಡು ಅಂಟಿಸಿದೆ. ಆಣಿ ಜೊತೆ ಸುತ್ತಲಿನ ಒಳ್ಳೆಯ ಚರ್ಮವೂ ಬೆಳ್ಳಗಾಗಿ ಸುಲಿದು ಬಂತು. ಊರಲ್ಲಿ ಯಾರೋ ಹೇಳಿದರೆಂದು ಗೇರೆಣ್ಣೆ ಹಚ್ಚಿ, ಬೊಬ್ಬೆ ಎದ್ದು, 4 ದಿನದ ಸಂಬಳ ಹೋಯಿತು. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ 3,500ರ ಹತ್ತಿರ ಕೊಟ್ಟು ಕೊಯ್ಯಿಸಿದೆ. ಐದು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು. ಬರದೆ ಏನು, ನಿಲ್ಲುತ್ತಿದ್ದದ್ದು ಅದೇ ಸವೆದ ಚಪ್ಪಲಿಯ ಮೇಲೆ.

ಬಿಸಿನೀರು ಶುರುಮಾಡಿದಾಗ ನಮ್ಮ ಸಪ್ಲೈಯರ್ ಹುಡುಗ, 'ಭಟ್ರೇ, ನೀರಲ್ಲಿ ಆಣಿ ಹೋಗೋದಾದ್ರೆ ಪಾತ್ರೆ ತೊಳೆಯೋರಿಗೆ ಬರಲೇಬಾರದಿತ್ತು' ಅಂದ. ಮೊದಲ ವಾರ ಅವನ ಮಾತೇ ನಿಜವಾಯಿತು. ಆತುರಕ್ಕೆ ಬಿದ್ದು 5 ನಿಮಿಷ ನೆನೆಸಿ, ಒಂದೇ ಸಲಕ್ಕೆ ಉಜ್ಜಿ ತೆಗೆಯಲು ಹೋಗಿ ರಕ್ತ ಬಂತು.

ಆಮೇಲೆ ಕ್ರಮ ಬದಲಾಯಿಸಿದೆ. ಅರ್ಧ ಬಕೆಟ್ ನೀರು, ಮೊಣಕೈ ಇಟ್ಟರೆ ಹಿತವಾಗುವಷ್ಟು ಬಿಸಿ. ಒಂದು ಹಿಡಿ ಕಲ್ಲುಪ್ಪು, ಒಂದು ಚಮಚ ಅಡುಗೆ ಸೋಡ. ದಿನಾ ರಾತ್ರಿ ಸುಮಾರು 20 ನಿಮಿಷ, ಆಣಿ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ ಉಬ್ಬುವವರೆಗೆ. ಕಾಲುಜ್ಜುವ ಕಲ್ಲಿನಲ್ಲಿ ಹದಿನೈದಿಪ್ಪತ್ತು ಸಲ ಮೆಲ್ಲಗೆ ಉಜ್ಜಿ, ಇನ್ನೂ ಬೇಕು ಅನ್ನಿಸಿದಾಗಲೇ ನಿಲ್ಲಿಸುತ್ತಿದ್ದೆ. ಬ್ಲೇಡ್ ಮುಟ್ಟಲೇ ಇಲ್ಲ. ಒರೆಸಿದ ಮೇಲೆ ಹಚ್ಚುವ ಎಣ್ಣೆಯಲ್ಲಿ ನನ್ನದೊಂದು ಗುಟ್ಟಿದೆ, ಅದು ನನ್ನ ಹತ್ತಿರವೇ ಇರಲಿ. ಬರೀ ಕೊಬ್ಬರಿ ಎಣ್ಣೆಯೂ ನಡೆಯುತ್ತದೆ.

ನಡುವೆ ಒಂದು ವಾರ ಅನ್ನ ಬಸಿದ ಗಂಜಿಯಲ್ಲೂ ನೆನೆಸಿ ನೋಡಿದೆ. ಹಿಮ್ಮಡಿ ನುಣ್ಣಗಾಯಿತು, ಆಣಿ ಹಾಗೇ ಇತ್ತು. ಹುಣಸೆ ನೀರಂತೂ ಬಿರುಕಿಗೆ ಇಳಿದು ಉರಿ.

ಜೊತೆಗೆ ನಾನೂರು ಚಿಲ್ಲರೆ ಕೊಟ್ಟು ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ತಂದೆ. ಹಳೆ ಬೂಟಿನ ಮೆತ್ತೆ ಕತ್ತರಿಸಿ, ಆಣಿ ಕೂರುವ ಕಡೆ ತೂತು ಮಾಡಿ ಒಳಗೆ ಅಂಟಿಸಿದೆ. ಒತ್ತು ತಪ್ಪಿತು. ಆರನೇ ವಾರದ ಹೊತ್ತಿಗೆ ನಡುವಿನ ಹಳದಿ ಮೊಳೆ ಮೆತ್ತಗಾಗಿ, ಚೂರು ಚೂರಾಗಿ ಉದುರಿತು. ಈಗ ವರ್ಷದ ಮೇಲಾಯಿತು, ಮತ್ತೆ ಬಂದಿಲ್ಲ.

ನಮ್ಮ ಕ್ಯಾಷಿಯರ್ ಅಣ್ಣ ತನಗೂ ಬಕೆಟ್ ಇಡು ಅಂದರು. ಅವರಿಗೆ ಶುಗರ್, ಪಾದ ಜೋಮು ಹಿಡಿದಿದೆ, ಬಿಸಿಯೇ ಗೊತ್ತಾಗುವುದಿಲ್ಲ. ಬೇಡವೇ ಬೇಡ ಅಂದು ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ.