ಇಂಗ್ಲಿಷ್ ಪದವನ್ನು ಒಂಟಿಯಾಗಿ ಬರ್ಕೋಬೇಡಿ

ಪದ, ಎದುರಿಗೆ ಅರ್ಥ ಅಂತ ನಾನೂ ನೋಟ್‌ಬುಕ್ ತುಂಬಿಸಿದ್ದೆ. ಮಾತಾಡೋಕೆ ನಿಂತರೆ ಒಂದೂ ಬಾಯಿಗೆ ಬರ್ತಿರಲಿಲ್ಲ. ಈಗ ಮಕ್ಕಳಿಗೆ ಪದವನ್ನು ಅದರ ಜೊತೆಗಾರನ ಸಮೇತ ಬರೆಸ್ತೀನಿ.

ನಮ್ಮ 'ಜೋರು' ತಗೊಳ್ಳಿ. ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ದನಿ, ಎಲ್ಲಕ್ಕೂ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಮಳೆ ಹೆವಿ, ಗಾಳಿ ಸ್ಟ್ರಾಂಗ್, ಜ್ವರ ಹೈ, ದನಿ ಲೌಡ್. 'ಸ್ಟ್ರಾಂಗ್ ರೇನ್' ಅಂದರೆ ಅರ್ಥ ಆಗುತ್ತೆ, ಆದರೆ ಕೇಳಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತೆ. ಯಾಕೆ ಹೀಗೆ ಅಂತ ಕೇಳಿದರೆ ನಿಯಮ ಹೇಳೋಕಾಗಲ್ಲ, ಬಳಕೆ ಅಷ್ಟೇ. ಅದಕ್ಕೇ 'ಜೋರು ಮಳೆ' ಎದುರಿಗೆ 'ಹೆವಿ ರೇನ್' ಅಂತ ಜೋಡಿಯಾಗಿಯೇ ಬರೆಯಿರಿ.

'ಹಾಕು' ಇನ್ನೂ ತರಲೆ. ಲೈಟ್ ಹಾಕು ಅಂದರೆ 'ಸ್ವಿಚ್ ಆನ್', ಕನ್ನಡಕ ಹಾಕು ಅಂದರೆ 'ಪುಟ್ ಆನ್', ಬೀಗ ಹಾಕು ಅಂದರೆ ಬರೀ 'ಲಾಕ್'.

ದಿನಕ್ಕೆ ಐದು ಜೋಡಿ ಸಾಕು. ಪುಟದ ಇಂಗ್ಲಿಷ್ ಭಾಗವನ್ನು ಕೈಯಿಂದ ಮುಚ್ಚಿ, ಕನ್ನಡ ನೋಡಿ ಬಾಯಿಬಿಟ್ಟು ಹೇಳಿ. ಮಾರನೇ ದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ತಪ್ಪಿದ ಜೋಡಿಯನ್ನು ಮರುದಿನದ ಐದರಲ್ಲಿ ಸೇರಿಸಿ.